ಚನ್ನರಾಯನದುರ್ಗದ ಉಕ್ಕು, ಶೆಫೀಲ್ಡಿನ ಸದ್ದು

ಇಪ್ಪತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಯುರೋಪು ಮತ್ತು ಅಮೆರಿಕದ ಕೈಗಾರಿಕಾ ನಗರಗಳಲ್ಲಿ ಹುಟ್ಟಿ, ಯಂತ್ರದ ಸದ್ದನ್ನೇ ಸ್ವರವಾಗಿಯೂ ಸುತ್ತಿಗೆಯ ಬಡಿತವನ್ನೇ ತಾಳವಾಗಿಯೂ ಇಟ್ಟುಕೊಂಡು ಬೆಳೆದ ಸಂಗೀತ ಪ್ರಕಾರಕ್ಕೆ 'ಇಂಡಸ್ಟ್ರಿಯಲ್ ಸಂಗೀತ' ಎಂಬ ಹೆಸರು ನಿಂತಿದೆ. ಆದರೆ ಕೈಗಾರಿಕೆಗೂ ಸಂಗೀತಕ್ಕೂ ಇರುವ ನಂಟು ಈ ಪ್ರಕಾರಕ್ಕಿಂತ ಬಹಳ ಹಳೆಯದು. ಅದರ ಒಂದು ಅಧ್ಯಾಯ, ಕನ್ನಡ ಓದುಗರು ಅಷ್ಟಾಗಿ ಗಮನಿಸದೆ ಉಳಿದಿರುವ ಅಧ್ಯಾಯ, ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವದ ಬಯಲುಸೀಮೆಯಲ್ಲಿ, ಅಂದರೆ ಶಿರಾ ಮತ್ತು ಅದರ ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಬರೆಯಲ್ಪಟ್ಟಿತು.

ಈ ನಾಲ್ಕು ತಾಲ್ಲೂಕುಗಳದು ಬಂಡೆಗುಡ್ಡಗಳ, ಕೆಂಪು ಮಣ್ಣಿನ, ಮಳೆ ಕಡಿಮೆಯ ನೆಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿಯಾಗಲಿ, ಗುಡ್ಡಗಳಿಂದ ಇಳಿಯುವ ಹಳ್ಳಗಳಾಗಲಿ ವರ್ಷದ ಹೆಚ್ಚು ಕಾಲ ಬತ್ತಿರುತ್ತವೆ. ಮಳೆ ಬಿದ್ದಾಗ ಮಾತ್ರ ಅವು ಬಂಡೆಯ ಸವೆತವನ್ನು ಹೊತ್ತು ತಂದು ತಿರುವುಗಳಲ್ಲಿ ಬಿಟ್ಟು ಹೋಗುತ್ತವೆ. ಹಾಗೆ ಬಿಟ್ಟುಹೋದ ಮಣ್ಣಿನಲ್ಲಿ ಮಿನುಗುವ ಕಪ್ಪು ಮರಳೊಂದು ಸೇರಿರುತ್ತದೆ. ಅದು ಕಬ್ಬಿಣದ ಅದಿರು. ಬೇಸಾಯಕ್ಕೆ ಜಿಪುಣವಾದ ಈ ನೆಲ ಶತಮಾನಗಳ ಕಾಲ ಕಬ್ಬಿಣ ಕರಗಿಸುವವರನ್ನು ಸಾಕಿದ್ದು ಈ ಮರಳಿನಿಂದ.

ಅವರ ಕೆಲಸದ ವಿವರವಾದ ದಾಖಲೆ ದೊರೆಯುವುದು 1800ರಲ್ಲಿ. ಹಿಂದಿನ ವರ್ಷ ಟಿಪ್ಪು ಸುಲ್ತಾನನ ಪತನವಾದ ಮೇಲೆ, ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂಬುದನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್, ಮಧುಗಿರಿಯ ಸುತ್ತ ಸಂಚರಿಸಿ ಅಲ್ಲಿನ ಕುಲುಮೆಗಳನ್ನು ಕಣ್ಣಾರೆ ನೋಡಿ ಬರೆದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಕೆಲಸ ಎರಡು ಹಂತದ್ದು. ಮೊದಲ ಹಂತದಲ್ಲಿ ತೊಳೆದು ಹಸನು ಮಾಡಿದ ಕಪ್ಪು ಮರಳನ್ನು ಇದ್ದಿಲಿನೊಡನೆ ಕುಲುಮೆಗೆ ಸುರಿದು, ಎಮ್ಮೆಯ ತೊಗಲಿನ ತಿದಿಗಳಿಂದ ಗಾಳಿಯೂದಿ, ಕಿಟ್ಟ ಬೆರೆತ ಮೆತ್ತನೆಯ ಕಬ್ಬಿಣದ ಮುದ್ದೆಯನ್ನು ಪಡೆದು, ಬಡಿದು ಶುದ್ಧಮಾಡುತ್ತಿದ್ದರು. ರೈತನ ಗುಳ, ಕುಡುಗೋಲುಗಳಿಗೆ ಅಷ್ಟು ಸಾಕು. ಉಕ್ಕು ಬೇಕಾದರೆ ಎರಡನೆಯ ಹಂತ ಅಗತ್ಯ. ಇಂದಿನ ಕೊರಟಗೆರೆ ತಾಲ್ಲೂಕಿಗೆ ಸೇರಿದ ಚನ್ನರಾಯನದುರ್ಗದ ಆಸುಪಾಸಿನಲ್ಲಿ ಅಂಥ ಉಕ್ಕಿನ ಕುಲುಮೆಗಳು ಇದ್ದವು. ಸುಡದ ಜೇಡಿಮಣ್ಣಿನ ಸಣ್ಣ ಮೂಸೆಗಳಲ್ಲಿ ಕಬ್ಬಿಣದ ತುಂಡಿನ ಜೊತೆ ಗೊತ್ತಾದ ತೂಕದ ತಂಗಡಿ ಗಿಡದ ಕಡ್ಡಿಗಳನ್ನೂ ಒಂದೆರಡು ಹಸಿರೆಲೆಗಳನ್ನೂ ಇಟ್ಟು, ಬಾಯಿಗೆ ಜೇಡಿ ಮೆತ್ತಿ, ಹಲವು ಮೂಸೆಗಳನ್ನು ಒಟ್ಟಿಗೆ ಜೋಡಿಸಿ, ಗಂಟೆಗಟ್ಟಲೆ ತಿದಿಯೊತ್ತುತ್ತಿದ್ದರು. ಗಾಳಿ ಸೋಕದ ಮೂಸೆಯೊಳಗೆ ಕಡ್ಡಿ ಇದ್ದಿಲಾಗಿ, ಅದರ ಇಂಗಾಲವನ್ನು ಕಬ್ಬಿಣ ಹೀರಿಕೊಂಡು ಕರಗುತ್ತಿತ್ತು. ತಣಿದ ಮೇಲೆ ಮೂಸೆ ಒಡೆದರೆ ತಳದಲ್ಲಿ ಗುಂಡಿಯಂಥ ಉಕ್ಕಿನ ಗಟ್ಟಿ. ಶಿರಾ, ಮಧುಗಿರಿಗಳ ಬೀಳುಗಳಲ್ಲಿ ಇಂದಿಗೂ ಹಳದಿ ಹೂ ಬಿಟ್ಟು ನಿಲ್ಲುವ, ದನವೂ ಅಷ್ಟಾಗಿ ಮೂಸದ ತಂಗಡಿಗೆ ಲೋಹಶಾಸ್ತ್ರದಲ್ಲಿ ಇಂಥ ಸ್ಥಾನವಿದ್ದಿತೆಂಬುದು ಗಮನಾರ್ಹ.

ಈ ಉಕ್ಕಿನ ಬಳಕೆಗಳನ್ನು ಹೇಳುವಾಗ ಬುಕನನ್ ಕೊಡುವ ಪಟ್ಟಿ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು: ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯಗಳ ತಂತಿ. ಮೊದಲಿನ ಎರಡು ನಿರೀಕ್ಷಿತವೇ. ಏಕಶಿಲಾ ಬೆಟ್ಟದ ಮೇಲೆ ಕೋಟೆ ಕಟ್ಟಿದ ಮಧುಗಿರಿಗೆ ಉಳಿಯೂ, 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿ, ಬಳಿಕ ಮರಾಠರ ಮತ್ತು 1761ರಲ್ಲಿ ಹೈದರಾಲಿಯ ಕೈಸೇರಿದ ಶಿರಾಕ್ಕೆ ಕತ್ತಿಯೂ ಎಷ್ಟಿದ್ದರೂ ಸಾಲದು. ಮೂರನೆಯದು ಮಾತ್ರ ಬೇರೆ ಲೋಕದ್ದೆಂದು ತೋರಿದರೂ, ತಾಂತ್ರಿಕವಾಗಿ ನೋಡಿದರೆ ಅದೇ ಅತಿ ಕಠಿಣ ಪರೀಕ್ಷೆ. ಕತ್ತಿಯಲ್ಲಿ ಸಣ್ಣ ಕಿಟ್ಟದ ಚೂರು ಉಳಿದರೂ ಅದು ಕತ್ತಿಯಾಗಿಯೇ ಇರುತ್ತದೆ. ಕೂದಲಿನಷ್ಟು ಸಪೂರವಾಗಿ ಎಳೆಯಬೇಕಾದ ತಂತಿಯಲ್ಲಿ ಅಂಥ ಒಂದು ಚೂರಿದ್ದರೆ ಎಳೆಯುವಾಗಲೇ ತುಂಡಾಗುತ್ತದೆ, ತುಂಡಾಗದಿದ್ದರೆ ಶ್ರುತಿ ನಿಲ್ಲುವುದಿಲ್ಲ. ಕರಗಿ ದ್ರವವಾದ ಲೋಹದಲ್ಲಿ ಕಿಟ್ಟ ಮೇಲಕ್ಕೆ ತೇಲಿ ಬೇರೆಯಾಗುವುದರಿಂದ ಮೂಸೆಯ ಉಕ್ಕು ಇತರ ಉಕ್ಕುಗಳಿಗಿಂತ ಏಕರೂಪದ್ದಾಗಿರುತ್ತದೆ. ತಂತಿಗೆ ಅದನ್ನು ಆರಿಸಿಕೊಂಡದ್ದರ ಕಾರಣ ಇಲ್ಲಿದೆ.

ಮೈಸೂರು ಸೀಮೆಯಲ್ಲಿ ತಂತಿ ಎಳೆಯುವ ಕಸುಬಿಗೆ ಹೆಸರಾಗಿದ್ದುದು ಚನ್ನಪಟ್ಟಣ. ಇಂದು ಅರಗಿನ ಬಣ್ಣದ ಗೊಂಬೆಗಳಿಂದ ಮಾತ್ರ ಪರಿಚಿತವಾಗಿರುವ ಆ ಊರಿನಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ತಯಾರಿಸುವ ಒಂದು ಮನೆತನವಿತ್ತೆಂದೂ, ಆ ತಂತಿಗಳು ಭಾರತದ ದೂರದೂರದ ಸೀಮೆಗಳಿಗೆ ಹೋಗುತ್ತಿದ್ದುವೆಂದೂ ಬುಕನನ್ ದಾಖಲಿಸಿದ್ದಾನೆ. ಉಕ್ಕಿನ ಕಡ್ಡಿಯನ್ನು ಕಾಸಿ ಮೆದುಗೊಳಿಸಿ, ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳಿರುವ ಕಂಬಚ್ಚು ಎಂಬ ಲೋಹದ ಫಲಕದ ಮೂಲಕ ಮತ್ತೆ ಮತ್ತೆ ಎಳೆಯುವುದು ತಂತಿ ತೆಗೆಯುವ ಕ್ರಮ; ಪ್ರತಿ ಎಳೆತಕ್ಕೂ ತಂತಿ ಗಡುಸಾಗುತ್ತ, ಬಿಗಿತಕ್ಕೆ ಹೆಚ್ಚು ತಾಳುತ್ತ ಹೋಗುತ್ತದೆ. ವೀಣೆಯ ಮೇಲಿನ ಸ್ಥಾಯಿಯ ತಂತಿಗಳಿಗೆ ಉಕ್ಕು, ಮಂದ್ರದ ತಂತಿಗಳಿಗೆ ಹಿತ್ತಾಳೆ ಅಥವಾ ಕಂಚು ಎಂಬ ವಿಭಾಗ ದಕ್ಷಿಣದಲ್ಲಿ ಬಹುಕಾಲದಿಂದ ನಡೆದುಬಂದದ್ದು. ಮೈಸೂರಿನ ಅರಮನೆಯ ವೈಣಿಕ ಪರಂಪರೆಯ ಇತಿಹಾಸವನ್ನು ಬರೆದವರು ಆಶ್ರಯದಾತರನ್ನೂ ವಿದ್ವಾಂಸರನ್ನೂ ಸಾಕಷ್ಟು ಹೆಸರಿಸಿದ್ದಾರೆ. ಹಳ್ಳದ ಮರಳು ತೊಳೆದವನಿಗೆ, ತಿದಿಯೊತ್ತಿದವನಿಗೆ ಆ ಪುಟಗಳಲ್ಲಿ ಜಾಗ ಸಿಕ್ಕಿಲ್ಲ.

ಬುಕನನ್ನನ ದಾಖಲೆಗೂ ಅಂಥದೇ ಮಿತಿಯುಂಟು. ಮೂಸೆಗೆಷ್ಟು ಕಬ್ಬಿಣ, ಕಡ್ಡಿಯ ತೂಕವೆಷ್ಟು, ಆಳಿಗೆ ಕೂಲಿಯೆಷ್ಟು ಎಂಬುದನ್ನೆಲ್ಲ ಎಣಿಸಿದ ಈಸ್ಟ್ ಇಂಡಿಯಾ ಕಂಪನಿಯ ಸೇವಕನಿಗೆ, ತಿದಿಯೊತ್ತುವವರು ಏನನ್ನು ಹಾಡುತ್ತಿದ್ದರು ಎಂಬುದು ಲೆಕ್ಕಕ್ಕೆ ಬರುವ ಸಂಗತಿಯಾಗಿರಲಿಲ್ಲ. ಆದರೆ ಅದೇ ಸೀಮೆಯ ಇತರ ದುಡಿಮೆಗಳ ಹಾಡುಗಳು ಇಪ್ಪತ್ತನೆಯ ಶತಮಾನದವರೆಗೂ ಉಳಿದು ಸಂಗ್ರಹಗಳಿಗೆ ಸೇರಿದುದರಿಂದ, ಉಪಕರಣವೊಂದು ಹಾಡಿನ ಲಯವನ್ನು ಹೇಗೆ ನಿರ್ಧರಿಸುತ್ತಿತ್ತು ಎಂಬುದನ್ನು ತಿಳಿಯಲು ಸಾಧ್ಯವಿದೆ. ಕಪಿಲೆಯನ್ನು ನೋಡಬಹುದು. ಬಾವಿಯ ಬಾಯಿಗೆ ರಾಟೆ ಹೂಡಿ, ತೊಗಲಿನ ಬಾನಿಯನ್ನು ಹಗ್ಗದಲ್ಲಿ ಇಳಿಬಿಟ್ಟು, ಒಂದು ಜೊತೆ ಎತ್ತುಗಳನ್ನು ಇಳಿಜಾರಿನಲ್ಲಿ ಮುಂದಕ್ಕೆ ನಡೆಸಿ ನೀರು ಮೇಲೆತ್ತುವ, ಬಾನಿ ತೊಟ್ಟಿಗೆ ಬರಿದಾದ ಮೇಲೆ ಎತ್ತುಗಳನ್ನು ಹಿಮ್ಮುಖವಾಗಿ ಏರಿಸಿ ತರುವ ಈ ಏತದ ಕೆಲಸ ಕತ್ತಲಿರುವಾಗಲೇ ಶುರುವಾಗಿ ಹೊತ್ತೇರುವವರೆಗೂ ನಡೆಯುತ್ತಿತ್ತು. ಎತ್ತು ಇಳಿಯುವಾಗ ಹಗ್ಗದ ಮೇಲೆ ಕೂತ ರೈತನ ದನಿ ನೀಳವಾಗಿ ಎಳೆಯುತ್ತದೆ, ಬಾನಿ ಸುರಿಯುವಲ್ಲಿ ನಿಲ್ಲುತ್ತದೆ, ಎತ್ತು ಹಿಂದೆ ಸರಿಯುವಾಗ ತುಂಡುತುಂಡಾದ ಕೂಗಾಗುತ್ತದೆ. ಕಪಿಲೆ ಪದದ ಸಾಲು ಎಷ್ಟುದ್ದ ಇರಬೇಕೆಂಬುದನ್ನು ಬಾವಿಯ ಆಳವೂ ಎತ್ತಿನ ನಡಿಗೆಯೂ ತೀರ್ಮಾನಿಸುತ್ತಿದ್ದವು. ಛಂದಸ್ಸಿನ ಪಂಡಿತರು ಇದನ್ನು ಮಾತ್ರೆಗಳಲ್ಲಿ ಅಳೆಯಲು ಹೋದಾಗಲೆಲ್ಲ ಎಡವಿರುವುದು ಸಹಜವೇ ಆಗಿದೆ. ಬೀಸುವ ಪದದಲ್ಲಿ ಇದಕ್ಕೆ ವ್ಯತಿರಿಕ್ತವಾದ ಸ್ಥಿತಿ. ಕಲ್ಲು ಒಂದೇ ಸಮನೆ ಸುತ್ತುವುದರಿಂದ ಅಲ್ಲಿ ನಿಲುಗಡೆಯಿಲ್ಲ. ಇಬ್ಬರು ಹೆಂಗಸರು ಎದುರುಬದುರು ಕೂತು ಗೂಟ ಹಿಡಿದಾಗ ಒಬ್ಬಳು ಬಿಟ್ಟ ಸೊಲ್ಲನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ, ಹಾಡು ರಾಗಿಯ ಹಿಟ್ಟಿನಂತೆ ಎಡೆಬಿಡದೆ ಸುತ್ತಲೂ ಉದುರುತ್ತದೆ.

ಶಿರಾ ಸೀಮೆಯ ಕಾಡುಗೊಲ್ಲರ ಗಣೆಯನ್ನೂ ಇದೇ ಸಾಲಿನಲ್ಲಿ ಇಡಬೇಕು. ಸಾಮಾನ್ಯ ಕೊಳಲಿಗಿಂತ ಬಹಳ ಉದ್ದವಾದ ಈ ಬಿದಿರಿನ ವಾದ್ಯವನ್ನು ಊದುತ್ತ, ನಡುನಡುವೆ ಹಾಡುತ್ತ, ಕಳುವರಹಳ್ಳಿಯ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹೇಳುವ ಪದ್ಧತಿ ಹಟ್ಟಿಗಳಲ್ಲಿ ಬೆಳೆದುಬಂತು. ದನಕಾಯುವುದು ಬಡಿತವಿಲ್ಲದ, ಕಾಯುವಿಕೆಯೇ ಹೆಚ್ಚಾದ ಕಸುಬು. ಅದರಿಂದ ಹುಟ್ಟಿದ ಸಂಗೀತಕ್ಕೂ ತಾಳದ ಬಿಗಿಯಿಲ್ಲ, ಉಸಿರಿನ ಉದ್ದವೇ ಅಲ್ಲಿ ಅಳತೆ.

ಈ ವ್ಯವಸ್ಥೆಯಲ್ಲಿ ಮೊದಲು ಕುಸಿದದ್ದು ಕುಲುಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಕುಲುಮೆಗಳ ಅಗ್ಗದ ಕಬ್ಬಿಣ ಬಂದರುಗಳಿಂದ ಒಳನಾಡಿಗೆ ಹರಿಯತೊಡಗಿತು. ಇತ್ತ ಇದ್ದಿಲಿಗೆ ಬೇಕಾದ ಕಾಡು ತೆಳುವಾಗುತ್ತ ಬಂದು, ಮರದ ಬೆಲೆ ಏರಿತು. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನದ ಬಯಲುಸೀಮೆಯನ್ನು ಬಡಿದಾಗ ಕೊಳ್ಳುವವರೂ ಇಲ್ಲವಾದರು, ಕಾಸುವವರೂ ಉಳಿಯಲಿಲ್ಲ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ರೈಲು ಪರದೇಶದ ಸರಕನ್ನು ಇನ್ನಷ್ಟು ಹತ್ತಿರಕ್ಕೆ ತಂದಿತು. ವಾದ್ಯದ ತಂತಿಯ ಕ್ಷೇತ್ರದಲ್ಲಿ ಬರ್ಮಿಂಗ್‌ಹ್ಯಾಮ್, ವಿಯೆನ್ನಾ ಮತ್ತು ನ್ಯೂರೆಂಬರ್ಗಿನ ತಯಾರಕರು ಪಿಯಾನೋಗಾಗಿ ಪೈಪೋಟಿಯಿಂದ ಬೆಳೆಸಿದ ಉಕ್ಕಿನ ತಂತಿ ಲೋಕವನ್ನೆಲ್ಲ ಆವರಿಸಿತು. 1923ರಲ್ಲಿ ಭದ್ರಾವತಿಯಲ್ಲಿ ಸಂಸ್ಥಾನದ್ದೇ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸುವ ವೇಳೆಗೆ ಚನ್ನರಾಯನದುರ್ಗದ ಮೂಸೆಗಳು ನೆನಪಿನಿಂದಲೂ ಮರೆಯಾಗಿದ್ದವು.

ದುಡಿಮೆಯ ಹಾಡುಗಳಿಗೆ ಇನ್ನೂ ಅರ್ಧ ಶತಮಾನದ ಆಯುಸ್ಸು ಇತ್ತು. ಡೀಸೆಲ್ ಎಂಜಿನ್ನಿನ ಹಿಟ್ಟಿನ ಗಿರಣಿ ಸಂತೆಯೂರುಗಳಿಗೆ ಬಂದಾಗ ಬೀಸುವ ಕಲ್ಲು ಮೂಲೆ ಸೇರಿತು. 1960ರ ದಶಕದಲ್ಲಿ ಶರಾವತಿಯ ವಿದ್ಯುತ್ತು ರಾಜ್ಯದ ಹಳ್ಳಿಗಳಿಗೆ ಹರಡಿದಂತೆ ಪಂಪ್‌ಸೆಟ್ಟು ಕಪಿಲೆಯನ್ನು ಕಿತ್ತುಹಾಕಿತು. ಕೊಳವೆಬಾವಿಗಳು ಆಳಕ್ಕಿಳಿದಂತೆ ತೆರೆದ ಬಾವಿಗಳೂ, ಮಧುಗಿರಿ ಪಾವಗಡ ಕಡೆಯ ತಲಪರಿಗೆಗಳೆಂಬ ಊಟೆಗಾಲುವೆಗಳೂ ಬತ್ತಿದವು. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿ ಅಚ್ಚಾಗಿ, ಮುಂದಿನ ನಾಲ್ಕೈದು ದಶಕಗಳಲ್ಲಿ ಕನ್ನಡ ಜನಪದ ಗೀತೆಗಳ ಸಂಗ್ರಹಕಾರ್ಯ ಭರದಿಂದ ನಡೆದದ್ದು ಗಿರಣಿ ಹಬ್ಬಿದ ಕಾಲದಲ್ಲಿಯೇ ಎಂಬುದು ಆಕಸ್ಮಿಕವೆಂದು ತೋರುವುದಿಲ್ಲ. ಕಲ್ಲು ಬೀಸುತ್ತಿರುವಾಗ ಯಾರೂ ಅದರ ಹಾಡನ್ನು ಬರೆದಿಟ್ಟುಕೊಳ್ಳಲು ಧಾವಿಸಲಿಲ್ಲ. ಕೈಗಾರಿಕೆಯ ಸದ್ದು ಕೇಳುವ ವಸ್ತುವಾಗುವುದು ಆ ಕೈಗಾರಿಕೆ ಕೈಬಿಡುವ ಹೊತ್ತಿನಲ್ಲಿ ಎಂಬ ಈ ಸಂಗತಿ ಪಶ್ಚಿಮದ ಇಂಡಸ್ಟ್ರಿಯಲ್ ಸಂಗೀತಕ್ಕೂ ಅನ್ವಯಿಸುತ್ತದೆ.

ಆ ಪ್ರಕಾರ ಹುಟ್ಟುವ ಮೊದಲು 'ಕೈಗಾರಿಕಾ ಸಂಗೀತ'ವೆಂದರೆ ಬೇರೆಯದೇ ಅರ್ಥವಿತ್ತು. ಗಿರಣಿಯ ಗದ್ದಲದಲ್ಲಿ ಕಾರ್ಮಿಕನ ದನಿ ಅಡಗಿ, ಕೆಲಸದ ವೇಳೆ ಹಾಡುವುದೇ ಶಿಸ್ತಿನ ಉಲ್ಲಂಘನೆಯಾದ ಮೇಲೆ, ಹಾಡನ್ನು ಹೊರಗಿನಿಂದ ತಂದು ತುಂಬುವ ಉಪಾಯವನ್ನು ಮಾಲೀಕರು ಕಂಡುಕೊಂಡರು. ಅಮೆರಿಕದಲ್ಲಿ ಜಾರ್ಜ್ ಸ್ಕ್ವಯರ್ ಎಂಬ ಸೇನಾಧಿಕಾರಿಯ ಆವಿಷ್ಕಾರದಿಂದ ಬೆಳೆದ ಮ್ಯೂಜಾಕ್ ಕಂಪನಿ 1930ರ ದಶಕದಿಂದ ತಂತಿಯ ಮೂಲಕ ಹಿನ್ನೆಲೆ ಸಂಗೀತವನ್ನು ಕಚೇರಿ ಮತ್ತು ಕಾರ್ಖಾನೆಗಳಿಗೆ ಹರಿಸಿತು. ಬ್ರಿಟನ್ನಿನಲ್ಲಿ ಯುದ್ಧಸಾಮಗ್ರಿಯ ಉತ್ಪಾದನೆ ಹೆಚ್ಚಿಸಲೆಂದು 1940ರ ಜೂನ್‌ನಲ್ಲಿ ಬಿಬಿಸಿ ಆರಂಭಿಸಿದ 'ಮ್ಯೂಸಿಕ್ ವೈಲ್ ಯು ವರ್ಕ್' ಎಂಬ ಬಾನುಲಿ ಕಾರ್ಯಕ್ರಮ 1967ರವರೆಗೂ ನಡೆಯಿತು. ಇಲ್ಲಿ ಲಯವನ್ನು ಕೊಡುವುದು ಉಪಕರಣವೂ ಅಲ್ಲ, ದುಡಿಯುವವನೂ ಅಲ್ಲ. ತುಮಕೂರು, ಶಿರಾಗಳ ಬೀಡಿ ಕಟ್ಟುವ ಮನೆಗಳಲ್ಲಿಯೂ ವಿದ್ಯುತ್ ಮಗ್ಗದ ಶೆಡ್ಡುಗಳಲ್ಲಿಯೂ 1957ರಲ್ಲಿ ಶುರುವಾದ ವಿವಿಧಭಾರತಿ ತಾನಾಗಿಯೇ ಇಂಥ ಪಾತ್ರವನ್ನು ವಹಿಸಿತಾದರೂ, ಅಲ್ಲಿ ಅದನ್ನು ತಿರುಗಿಸಿ ಹಚ್ಚಿದ ಕೈ ಮಾಲೀಕನದಾಗಿರಲಿಲ್ಲ.

ಯಂತ್ರದ ಸದ್ದಿಗೇ ಸಂಗೀತದ ಪದವಿ ಕೊಡಬೇಕೆಂಬ ವಾದ ಇಟಲಿಯ ಚಿತ್ರಕಾರ ಲೂಯಿಜಿ ರುಸ್ಸೋಲೊ 1913ರಲ್ಲಿ ಬರೆದ ಪ್ರಣಾಳಿಕೆಯಷ್ಟು ಹಳೆಯದು. ಅವನು ಗದ್ದಲ ಹೊರಡಿಸುವ ಪೆಟ್ಟಿಗೆಗಳನ್ನು ಕಟ್ಟಿ ನುಡಿಸಿಯೂ ತೋರಿಸಿದ. 1922ರಲ್ಲಿ ಬಾಕು ಬಂದರಿನಲ್ಲಿ ಆರ್ಸೆನಿ ಅವ್ರಾಮೊವ್ ಕಾರ್ಖಾನೆ ಮತ್ತು ಹಡಗುಗಳ ಸೈರನ್ನುಗಳನ್ನು ಸೇರಿಸಿ ಇಡೀ ಊರನ್ನೇ ವಾದ್ಯವಾಗಿಸಿದ. ಇವರಿಬ್ಬರಿಗೂ ಯಂತ್ರವೆಂದರೆ ಬರಲಿರುವ ಕಾಲ. 1970ರ ದಶಕದವರಿಗೆ ಅದು ಮುಗಿಯುತ್ತಿರುವ ಕಾಲವಾಗಿತ್ತು. 1975ರಲ್ಲಿ ಜೆನೆಸಿಸ್ ಪಿ-ಆರಿಜ್, ಕೋಸಿ ಫ್ಯಾನಿ ಟುಟ್ಟಿ, ಕ್ರಿಸ್ ಕಾರ್ಟರ್ ಮತ್ತು ಪೀಟರ್ ಕ್ರಿಸ್ಟೋಫರ್‌ಸನ್ ಸೇರಿ ಕಟ್ಟಿದ ಥ್ರಾಬಿಂಗ್ ಗ್ರಿಸಲ್ ತಂಡ, ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ಕಾರ್ಖಾನೆಯೊಂದರ ಹಳೆಯ ಕಟ್ಟಡದ ನೆಲಮಾಳಿಗೆಯನ್ನು ಹಿಡಿದು ಅದಕ್ಕೆ 'ಸಾವಿನ ಕಾರ್ಖಾನೆ' ಎಂದು ಹೆಸರಿಟ್ಟಿತು. 1976ರಲ್ಲಿ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸ್ವಂತ ಧ್ವನಿಮುದ್ರಿಕಾ ಸಂಸ್ಥೆಯನ್ನು ತೆರೆಯಿತು. ಮರುವರ್ಷದ ತನ್ನ ಮೊದಲ ಮುದ್ರಿಕೆಗೆ ಕಂಪನಿಯ ವಾರ್ಷಿಕ ವರದಿಯ ಹೆಸರಿಟ್ಟಿತು. ಕೈಗಾರಿಕಾ ಜನರಿಗೆ ಕೈಗಾರಿಕಾ ಸಂಗೀತ ಎಂಬರ್ಥದ ಘೋಷವಾಕ್ಯವನ್ನು ಹೊಳೆಯಿಸಿದವನು ಅವರ ಗೆಳೆಯ, ಅಮೆರಿಕದ ಕಲಾವಿದ ಮಾಂಟಿ ಕಜಾಜ್ಜಾ. ಇದರಲ್ಲಿ ಕುಹಕವೂ ಇತ್ತು: ಉತ್ಪಾದನೆ ಏರಿಸಲು ಹಾಕುತ್ತಿದ್ದ ಹಿತವಾದ ಹಿನ್ನೆಲೆ ಸಂಗೀತದ ಹೆಸರಿನಲ್ಲಿ, ಕೆಲಸ ಬಿಟ್ಟು ಓಡುವಂಥ ಸದ್ದನ್ನು ಅವರು ಕೇಳಿಸಿದರು.

ಲಂಡನ್ನಿನ ತಂಡ ಹೆಸರು ಕೊಟ್ಟಿತು. ಆದರೆ ಈ ಸಂಗೀತ ನೆಲದೊಡನೆ ಬೆಸೆದುಕೊಂಡದ್ದು ಇಂಗ್ಲೆಂಡಿನ ಉತ್ತರದ ಉಕ್ಕಿನ ನಗರ ಶೆಫೀಲ್ಡಿನಲ್ಲಿ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ, ಸ್ಪ್ರಿಂಗಿಗೆ ಏಕರೂಪದ ಉಕ್ಕು ಸಿಗದೆ ಬೇಸತ್ತು, ಜೇಡಿಮಣ್ಣಿನ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನವನ್ನು ಆ ಊರಿನ ಬಳಿಯೇ ರೂಪಿಸಿದ. ಅಂದರೆ ಚನ್ನರಾಯನದುರ್ಗದವರು ತಂತಿಗಾಗಿ ಪಡೆದ ಗುಣವನ್ನೇ ಅವನು ಗಡಿಯಾರಕ್ಕಾಗಿ ಪಡೆದ. ಒಂದು ಇನ್ನೊಂದರಿಂದ ಕಲಿತದ್ದೆಂದು ಹೇಳಲು ಆಧಾರವಿಲ್ಲ; ಬ್ರಿಟಿಷ್ ವಿಜ್ಞಾನಿಗಳು ಭಾರತದ ಮೂಸೆಯುಕ್ಕನ್ನು ತರಿಸಿ ಪರೀಕ್ಷಿಸತೊಡಗಿದ್ದು 1790ರ ದಶಕದಲ್ಲಿ, ಮೈಕೆಲ್ ಫ್ಯಾರಡೆ ಅದನ್ನು ವಿಶ್ಲೇಷಿಸಿದ್ದು 1819ರಲ್ಲಿ. ಹಂಟ್ಸ್‌ಮನ್ನನ ವಿಧಾನದಿಂದ ಬೆಳೆದ ಶೆಫೀಲ್ಡ್ ಮುಂದಿನ ಎರಡು ಶತಮಾನ ಜಗತ್ತಿಗೆ ಚಾಕು, ಗರಗಸ, ಉಕ್ಕು ಒದಗಿಸಿತು. ಅಂಥ ಊರಿನಲ್ಲಿ 1973ರಲ್ಲಿ ಸ್ಟೀಫನ್ ಮ್ಯಾಲಿಂಡರ್, ರಿಚರ್ಡ್ ಕರ್ಕ್ ಮತ್ತು ಕ್ರಿಸ್ ವಾಟ್ಸನ್ ಎಂಬ ಮೂವರು ತರುಣರು ಟೇಪ್ ರೆಕಾರ್ಡರುಗಳೊಡನೆ ಆಟ ಹೂಡಿ ಕ್ಯಾಬರೆ ವೋಲ್ಟೇರ್ ತಂಡವನ್ನು ಆರಂಭಿಸಿದರು. ರಾತ್ರಿಯ ಹೊತ್ತು ಮಲಗುವ ಕೋಣೆಗೂ ಕೇಳಿಬರುತ್ತಿದ್ದ ಭಾರಿ ಸುತ್ತಿಗೆಗಳ ಬಡಿತವೇ ತಮ್ಮ ಮೊದಲ ತಾಳವೆಂದು ಆ ಊರಿನ ಸಂಗೀತಗಾರರು ಹೇಳಿಕೊಂಡಿದ್ದಾರೆ. ಅವರ ಮುದ್ರಿಕೆಗಳು ಹೆಸರಾಗುವ ಹೊತ್ತಿಗೆ, 1980ರ ದಶಕದ ಆರಂಭದಲ್ಲಿ, ಕುಲುಮೆಗಳು ಒಂದೊಂದಾಗಿ ಮುಚ್ಚಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡಿದ್ದರು.

ಮುಚ್ಚಿದ ಕಾರ್ಖಾನೆಯ ಗುಜರಿಯೇ ಮುಂದಿನವರ ವಾದ್ಯವಾಯಿತು. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಶುರುವಾದ ಐನ್‌ಸ್ಟುರ್ಜೆಂಡೆ ನ್ಯೂಬೌಟೆನ್ ತಂಡ ತಗಡು, ಸ್ಪ್ರಿಂಗು, ಕೊರೆಯುವ ಯಂತ್ರಗಳನ್ನು ವೇದಿಕೆಗೆ ಏರಿಸಿತು. ಜರ್ಮನಿಯ ಡ್ಯೂಸೆಲ್ಡಾರ್ಫಿನ ಡೀ ಕ್ರುಪ್ಸ್ ತಂಡ 1981ರ ತನ್ನ ಮುದ್ರಿಕೆಗೆ ಉಕ್ಕಿನ ಕಾರ್ಖಾನೆಯ ಸಿಂಫನಿ ಎಂಬರ್ಥದ ಹೆಸರನ್ನೇ ಕೊಟ್ಟಿತು. ಲಂಡನ್ನಿನ ಟೆಸ್ಟ್ ಡಿಪಾರ್ಟ್‌ಮೆಂಟ್ ತಂಡದ ನಡೆ ಇವುಗಳಲ್ಲೆಲ್ಲ ಹೆಚ್ಚು ಪ್ರಾಮಾಣಿಕವಾದುದೆನ್ನಬೇಕು, ಏಕೆಂದರೆ 1984-85ರ ಗಣಿ ಕಾರ್ಮಿಕರ ಮುಷ್ಕರದ ಕಾಲದಲ್ಲಿ ಅದು ದಕ್ಷಿಣ ವೇಲ್ಸಿನ ಮುಷ್ಕರನಿರತ ಗಣಿಗಾರರ ಗಾಯನವೃಂದದೊಡನೆ ಕಛೇರಿ ನಡೆಸಿ ಧ್ವನಿಮುದ್ರಿಕೆಯನ್ನೂ ಹೊರತಂದಿತು. ಗುಜರಿಯ ಬಡಿತ ಮತ್ತು ಅದನ್ನು ಹಿಂದೆ ಬಡಿದವರ ಕೊರಳು ಅಲ್ಲಿ ಒಂದೇ ವೇದಿಕೆಯಲ್ಲಿದ್ದವು.

ಜನಪ್ರಿಯತೆ ಬಂದದ್ದು ಅಮೆರಿಕದಲ್ಲಿ. ಶಿಕಾಗೋದ ವ್ಯಾಕ್ಸ್ ಟ್ರ್ಯಾಕ್ಸ್ ಸಂಸ್ಥೆ ಈ ಸದ್ದನ್ನು ನೃತ್ಯಕ್ಕೆ ಒಗ್ಗುವಂತೆ ಹದಗೊಳಿಸಿ ಮಾರಿತು; ಮಿನಿಸ್ಟ್ರಿ ತಂಡ ಅದಕ್ಕೆ ಮೆಟಲ್ ಗಿಟಾರಿನ ಭಾರ ಸೇರಿಸಿತು; ಇನ್ನೊಂದು ಉಕ್ಕಿನ ಊರಾದ ಕ್ಲೀವ್‌ಲೆಂಡಿನಲ್ಲಿ 1988ರಲ್ಲಿ ನೈನ್ ಇಂಚ್ ನೇಲ್ಸ್ ಆರಂಭಿಸಿದ ಟ್ರೆಂಟ್ ರೆಜ್ನರ್, 1989 ಮತ್ತು 1994ರ ಮುದ್ರಿಕೆಗಳಿಂದ ಅದನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿದ. ಆದರೆ ಆ ಹೊತ್ತಿಗೆ ಕಾರ್ಖಾನೆ ಹಾಡಿನಿಂದ ಹೊರಬಿದ್ದು, ಒಬ್ಬ ವ್ಯಕ್ತಿಯ ಒಳಗಿನ ಯಾತನೆ ಅದರ ಜಾಗ ಹಿಡಿದಿತ್ತು. ಹಿಡಿಸಿದ್ದೂ ಅದೇ.

ಕರ್ನಾಟಕದಲ್ಲಿ ಈ ಪ್ರಕಾರ ಬೇರೂರಲಿಲ್ಲ. ಬೆಂಗಳೂರಿನ ರಾಕ್ ಮತ್ತು ಮೆಟಲ್ ಶ್ರೋತೃವರ್ಗ ಚಿಕ್ಕದಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಇಲ್ಲಿ ನುಡಿಸಿದಾಗ ಅರಮನೆ ಮೈದಾನ ತುಂಬಿತ್ತು. ಆದರೂ ಯಂತ್ರನಾದದ ಸಂಗೀತ ಇಲ್ಲಿ ಕೆಲವರ ಸಂಗ್ರಹದಲ್ಲಷ್ಟೇ ಉಳಿಯಿತು. ಇದಕ್ಕೆ ಅಭಿರುಚಿಯ ಕಾರಣ ಹೇಳುವುದು ಸುಲಭ; ನೆಲದ ಕಾರಣ ಇನ್ನೂ ಗಟ್ಟಿಯಾದುದು. ಶೆಫೀಲ್ಡಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಪಾಳುಬಿದ್ದ ಶೆಡ್ಡುಗಳು ಪುಡಿಗಾಸಿನ ಬಾಡಿಗೆಗೆ ಸಿಕ್ಕಿ, ನಿರುದ್ಯೋಗಿ ತರುಣರಿಗೆ ಗದ್ದಲ ಮಾಡಲು ವರ್ಷಗಟ್ಟಲೆ ಜಾಗ ಕೊಟ್ಟವು. ಇಲ್ಲಿ ಕಾರ್ಖಾನೆ ಸತ್ತರೆ ಅದರ ನೆಲ ಒಂದು ದಿನವೂ ಬಿಡುವಾಗಿರುವುದಿಲ್ಲ. 2016ರಲ್ಲಿ ಮುಚ್ಚುಗಡೆಗೆ ಒಪ್ಪಿಗೆ ಬಿದ್ದ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜಮೀನು ಇಸ್ರೋ ಸಂಸ್ಥೆಗೆ ಹೋಯಿತು. ವಸಂತನರಸಾಪುರದ ಹೊಲಗಳಲ್ಲಿ ಹೊಸ ಕೈಗಾರಿಕಾ ವಲಯ ಎದ್ದಿತು. ಪಾವಗಡದ ನಾಗಲಮಡಿಕೆ ಹೋಬಳಿಯ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಹರಡಿದೆ, ಮತ್ತು ಈ ಸೀಮೆ ಕಂಡ ಅತಿ ದೊಡ್ಡ ಉದ್ಯಮವಾದ ಅದರಲ್ಲಿ ಬಡಿಯುವ, ತಿರುಗುವ, ಊದುವ ಭಾಗಗಳೇ ಹೆಚ್ಚುಕಡಿಮೆ ಇಲ್ಲ. ಬೆಂಗಳೂರಿನ ಬಿನ್ನಿ ಗಿರಣಿಯ ನೆಲದಲ್ಲಿ ವಸತಿ ಸಮುಚ್ಚಯಗಳು ಎದ್ದಿವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. ಅಂಥ ಮಳಿಗೆಗಳಲ್ಲಿ ದಿನವಿಡೀ ಹರಿಯುವ ಹಿನ್ನೆಲೆ ಸಂಗೀತ, ಕೊಳ್ಳುವವರ ಕಾಲು ನಿಧಾನಿಸಲೆಂದು ಸ್ಕ್ವಯರನ ಕಂಪನಿ ತೋರಿಸಿಕೊಟ್ಟ ದಾರಿಯಲ್ಲೇ ಇಂದಿಗೂ ನಡೆದಿದೆ.